ನಿಂತುಕೊಂಡೇ ಕ್ಲಬ್ಬು ನಡೆಸಿದವರು

ಹೋದ ತಿಂಗಳು ಪಿರಿಯಾಪಟ್ಟಣದ ಕಡೆಯ ಹಿರಿಯರೊಬ್ಬರು ತೀರಿಕೊಂಡರು. ತಂಬಾಕಿನ ದೊಡ್ಡ ಬೆಳೆಗಾರರು, ನಮ್ಮ ಕ್ಲಬ್ಬಿನ ಎಲ್ಲರಿಗಿಂತ ಹಳೆಯ ಮೆಂಬರು. ಕ್ಲಬ್ಬಿನಲ್ಲಿ ಅವರನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುತ್ತಿದ್ದೆವು. ಸುದ್ದಿ ಬಂದಾಗ ನನಗೆ ತಟ್ಟನೆ ನೆನಪಾದವರು ನಮ್ಮ ಮೇಡಂ. ಮೇಡಂ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನಾನು ಎಷ್ಟು ದಿನದಿಂದ ಒದ್ದಾಡುತ್ತಿದ್ದೆನೋ! ಆದರೆ ದೊಡ್ಡವರು ಇರುವವರೆಗೆ ಬಾಯಿ ಬಿಡುವ ಹಾಗಿರಲಿಲ್ಲ. ಈಗ ಬರೆಯಬಹುದು.

ಮೇಡಂ ಹೆಸರು ಹೇಳುವುದಿಲ್ಲ, ಅದು ಅವರಿಗೆ ಹಿಡಿಸುತ್ತಿರಲಿಲ್ಲ. ಹುಣಸೂರಿನ ಆ ಕ್ಲಬ್ಬಿನ ಹೆಸರೂ ಬೇಡ. ತಂಬಾಕು ವ್ಯಾಪಾರಿಗಳು, ಕಾಫಿ ತೋಟದವರು, ಡಾಕ್ಟರುಗಳು, ವಕೀಲರು ಸಂಜೆ ಬಂದು ಟೆನಿಸ್ ಆಡಿ, ಇಸ್ಪೀಟು ಹಾಕಿ, ಎರಡು ಪೆಗ್ ಏರಿಸಿ, ಊಟ ಮಾಡಿಕೊಂಡು ಹೋಗುವ ಜಾಗ ಅಂದರೆ ಸಾಕು. ಮೇಡಂ ಕೆ.ಆರ್. ನಗರದ ಕಡೆಯ ಹಳ್ಳಿಯವರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಕ್ಲಬ್ಬಿನಲ್ಲಿ ಮೇಜಿನ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದ್ದರಂತೆ. ಅಲ್ಲಿಂದ ರೂಮುಗಳ ಉಸ್ತುವಾರಿ, ಆಮೇಲೆ ಅಸಿಸ್ಟೆಂಟು, ಕೊನೆಗೆ ಇಡೀ ಕ್ಲಬ್ಬಿಗೆ ಮ್ಯಾನೇಜರ್. ಅವರನ್ನು ಮ್ಯಾನೇಜರ್ ಮಾಡಿದಾಗ ಒಬ್ಬ ಮೆಂಬರು ಎಲ್ಲರೆದುರಿಗೆ, "ಬಾರ್ ಇರೋ ಜಾಗಾನ ಹೆಂಗಸು ಹೆಂಗ್ರೀ ನಡೆಸ್ತಾಳೆ?" ಅಂದರಂತೆ. ಮೇಡಂ ಪಕ್ಕದಲ್ಲೇ ನಿಂತಿದ್ದವರು ಮೆಲ್ಲಗೆ, "ನಿಮ್ಮ ಮನೆ ಯಾರು ನಡೆಸ್ತಾರೆ ಸಾರ್?" ಅಂದರಂತೆ. ಆ ಪುಣ್ಯಾತ್ಮ ಕುಡಿಯುತ್ತಿದ್ದುದು ಕ್ಲಬ್ಬಿನಲ್ಲಿ ಮಾತ್ರವಲ್ಲ, ಹೆಂಡತಿ ನಡೆಸುವ ಮನೆಯಲ್ಲೂ! ಕೇಳಿದವರೆಲ್ಲ ನಕ್ಕರು, ಅವರೂ ನಕ್ಕರು, ಅಲ್ಲಿಗೆ ಮಾತು ಮುಗಿಯಿತು.

ನಾನು ಸರಗೂರಿನಿಂದ ಬಂದವಳು. ರೂಮು ಗುಡಿಸುವುದಕ್ಕೆ, ಊಟದ ಹಾಲಿನಲ್ಲಿ ಬಡಿಸುವುದಕ್ಕೆ ಅಂತ ಸೇರಿಸಿಕೊಂಡಿದ್ದರು. ನನಗೆ ಆಗಲೂ ಈಗಲೂ ಮೂಗಿನ ತುದಿಯಲ್ಲೇ ಕೋಪ. ಸೇರಿದ ವಾರವೇ ಒಬ್ಬ ತೋಟದ ಸಾಹುಕಾರರು ನನ್ನ ಕಡೆ ಚಿಟಿಕೆ ಹೊಡೆದು, "ಏಯ್, ನೀರು" ಅಂದರು. "ನಾಯಿ ಕರೆದಂಗೆ ಕರೀಬೇಡಿ" ಅಂದುಬಿಟ್ಟೆ. ಮೇಡಂ ಓಡಿ ಬಂದು ಅವರಿಗೆ ಕ್ಷಮೆ ಕೇಳಿ, ತಾವೇ ನೀರು ತಂದು ಕೊಟ್ಟು, ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಅಡುಗೆಯವರನ್ನೂ ಬಡಿಸುವವರನ್ನೂ ಒಟ್ಟಿಗೆ ನಿಲ್ಲಿಸಿ ಹೇಳಿದರು:

"ನಾಳಿಂದ ನಮ್ಗೆ ಯಾರ್ಗೂ ಚಿಟಿಕೆ ಶಬ್ದ ಕೇಳ್ಸಾಕಿಲ್ಲ. ಗೊತ್ತಾಯ್ತಾ? ಮಾತಾಡಿ ಕರುದ್ರೆ ಓಡೋಗಿ. ಚಿಟಿಕೆ ಹೊಡುದ್ರೆ ಕಿವುಡು."

ಮಾರನೆಯ ದಿನ ಸಾಹುಕಾರರು ಚಿಟಿಕೆ ಹೊಡೆದರು. ಯಾರೂ ತಿರುಗಲಿಲ್ಲ. ಮತ್ತೆ ಹೊಡೆದರು. ನಾನು ಪಕ್ಕದ ಮೇಜಿನ ಮೇಲೆ ಇಲ್ಲದ ಕಲೆಯನ್ನು ಉಜ್ಜುತ್ತಾ ಇದ್ದೆ. ಕೊನೆಗೆ ಮೇಡಂ ಹೋಗಿ, "ಏನಾದ್ರೂ ಬೇಕಿತ್ತಾ ಸಾರ್? ಒಂದು ಮಾತು ಕರೆದಿದ್ರೆ ಬರ್ತಿದ್ವಲ್ಲ" ಅಂದರು. ಮುಖದಲ್ಲಿ ಅದೇ ವಿನಯ. ವಾರ ಕಳೆಯುವುದರೊಳಗೆ ಸಾಹುಕಾರರ ಬಾಯಲ್ಲಿ "ಸ್ವಲ್ಪ ನೀರು ಕೊಡಮ್ಮ" ಬಂತು. ಬಯ್ಗುಳವಿಲ್ಲ, ಜಗಳವಿಲ್ಲ. ನಾನಾಗಿದ್ದರೆ ನೀರಿನ ಜಗ್ಗನ್ನೇ ತಲೆಯ ಮೇಲೆ ಸುರಿದು ಸರಗೂರಿನ ಬಸ್ಸು ಹತ್ತುತ್ತಿದ್ದೆ.

ಯಾರಾದರೂ ಮಿತಿಮೀರಿ ಕುಡಿದು ಎದ್ದು ಹೋಗದೆ ಕೂತರೆ ಅದಕ್ಕೂ ಅವರದೊಂದು ದಾರಿಯಿತ್ತು. ಕಿವಿಯ ಹತ್ತಿರ ಬಗ್ಗಿ, "ನಿಮ್ಮ ಡ್ರೈವರ್‌ಗೆ ಊಟ ಆಯ್ತು ಸಾರ್" ಅನ್ನುತ್ತಿದ್ದರು. ಅಷ್ಟೇ. ಇನ್ನು ಸಾಕು, ಮನೆಗೆ ಹೊರಡಿ ಎಂದು ಅದರರ್ಥ, ಹುಣಸೂರಿನ ಅರ್ಧ ದೊಡ್ಡ ಮನುಷ್ಯರಿಗೆ ಇದು ಗೊತ್ತಿತ್ತು. ಮೇಡಂ ಹೇಳಿದ ಮೇಲೆ ಎದ್ದು ಹೋಗದವರನ್ನು ನಾನು ಕಾಣೆ. ಮಾರನೆಯ ದಿನ ಅವರು ಮುಖ ತಗ್ಗಿಸಿಕೊಂಡು ಬಂದರೆ ಮೇಡಂಗೆ ಏನೂ ನೆನಪೇ ಇರುತ್ತಿರಲಿಲ್ಲ. "ಜ್ಞಾಪಕ ಇಟ್ಕೊಳ್ಳಾದು ಅರ್ಧ ಕೆಲ್ಸ, ಮರ್ತುಬುಡಾದು ಇನ್ನರ್ಧ" ಎಂದು ನಮಗೆ ಹೇಳುತ್ತಿದ್ದರು.

ಕ್ಲಬ್ಬಿನಲ್ಲಿ ಸ್ಟಾಫು ಕೂರುವ ಹಾಗಿಲ್ಲ. ಅಡುಗೆಮನೆಯ ಬಾಗಿಲು ದಾಟಿ ಈಚೆಗೆ ಬಂದರೆ ಯಾವ ಕುರ್ಚಿಯೂ ನಮ್ಮದಲ್ಲ, ಇದು ಮೊದಲಿನಿಂದ ಬಂದ ಪದ್ಧತಿ. ಮ್ಯಾನೇಜರ್‌ಗೆ ಇದು ಅನ್ವಯಿಸಬೇಕಾಗಿರಲಿಲ್ಲ. ಮೆಂಬರುಗಳೇ "ಕೂತ್ಕೊಳ್ಳಿ ಮೇಡಂ" ಅನ್ನುತ್ತಿದ್ದರು. ಇವರು "ಪರವಾಗಿಲ್ಲ ಸಾರ್" ಎಂದು ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟುಕೊಂಡು ನಿಂತೇ ಇರುತ್ತಿದ್ದರು. ವಯಸ್ಸಾದಂತೆ ಕಾಲಿನ ನರಗಳು ಹಸಿರುಗಟ್ಟಿ ಗಂಟುಗಂಟಾದವು. ಸಂಜೆಯಾದರೆ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಅವರಾಗೇ ಕೂತ್ಕೊಳ್ಳಿ ಅಂತಾರೆ, ನಿಮ್ಗೇನ್ ಬಂದಿರೋದು ದೊಡ್ಡರೋಗ?" ಎಂದು ರೇಗಿದೆ.

"ನಾನು ಕುಂತ್ಬುಟ್ರೆ ನೀವೆಲ್ಲಾ ನಿಂತಿರೋದು ನಂಗೆ ಕಾಣಾಕಿಲ್ಲ ಕಣಮ್ಮಿ" ಅಂದರು.

ಕೂರುವ ಆಸೆ ಅವರಿಗೆ ಇರಲಿಲ್ಲ ಅಂತಲ್ಲ. ಬಹಳ ಇತ್ತು. ಮೊದಲು ಹೆಂಗಸರು ಮೆಂಬರುಗಳ ಹೆಂಡತಿಯರಾಗಿ ಮಾತ್ರ ಒಳಗೆ ಬರಬಹುದಿತ್ತು. ಕಮಿಟಿಯವರ ತಲೆ ತಿಂದು ತಿಂದು ಆ ನಿಯಮ ತೆಗೆಸಿದವರೇ ಮೇಡಂ. ಒಬ್ಬ ಲೇಡಿ ಡಾಕ್ಟರು ತಮ್ಮ ಹೆಸರಿನಲ್ಲೇ ಮೆಂಬರ್ ಆದ ದಿನ ದೊಡ್ಡವರು ಮೇಡಂ ಕಡೆ ತಿರುಗಿ, "ನೀನು ರಿಟೈರ್ ಆದ ದಿನ ನಿನ್ನೂ ಮೆಂಬರ್ ಮಾಡ್ಸ್ತೀನಿ ಕಣವ್ವ, ನಾನೇ ಹೆಸ್ರು ಕೊಡ್ತೀನಿ" ಅಂದಿದ್ದರು. ತಮಾಷೆಗೆ ಅಂದದ್ದಲ್ಲ. ದೊಡ್ಡವರಿಗೆ ಹೆಣ್ಣುಮಕ್ಕಳಿರಲಿಲ್ಲ. ಮೇಡಂ ದೊಡ್ಡವರನ್ನು ಅಪ್ಪಾಜಿ ಎನ್ನುತ್ತಿದ್ದರು. ಅವತ್ತಿನಿಂದ ಮೇಡಂ ಆಸೆಗೆ ಒಂದು ನೆಲೆ ಸಿಕ್ಕಿತು. ನಾವಿಬ್ಬರೇ ಮೇಜಿನ ಬಟ್ಟೆ ಮಡಿಸುವಾಗ ಹೇಳುತ್ತಿದ್ದರು:

"ವರಾಂಡದಾಗೆ, ಬೇಲಿ ಕಡೀಕ್ ಮುಖ ಮಾಡ್ಕೊಂಡು, ಕಾಲು ನೀಟ್ಕೊಂಡು ಕುಂತ್ಕತೀನಿ. ನೀನು ಟೀ ತಂದ್ಕೊಡ್ಬೇಕು. ಸಕ್ರೆ ಕಮ್ಮಿ ಅಂತ ಒಂದ್ಸಲ ವಾಪಸ್ ಕಳಿಸ್ತೀನಿ."

"ಕಳ್ಸಿ ನೋಡಿ, ಉಪ್ಪಾಕ್ಕೊಂಡ್ ಬತ್ತೀನಿ" ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಈಗ ನಮ್ಮ ಕ್ಲಬ್ಬಿನ ಪೆಟ್ಟಿಗೆಯ ವಿಚಾರ ಹೇಳಬೇಕು. ಹೊಸ ಮೆಂಬರನ್ನು ಸೇರಿಸಿಕೊಳ್ಳುವಾಗ ಕೈ ಎತ್ತುವುದಿಲ್ಲ, ಚೀಟಿ ಬರೆಯುವುದಿಲ್ಲ. ಒಂದು ತೇಗದ ಪೆಟ್ಟಿಗೆ ಇದೆ. ಅದರ ಬಾಯಿ ಮೇಲ್ಗಡೆ. ಒಳಗೆ ಹಾಕಿದ ಕೈ ಯಾರಿಗೂ ಕಾಣದಂತೆ ಬಾಯಿಗೆ ಕರಿಬಟ್ಟೆಯ ತೋಳು ಹೊಲಿದಿದೆ. ಒಳಗೆ ಅಕ್ಕಪಕ್ಕ ಎರಡು ಖಾನೆ. ಪೆಟ್ಟಿಗೆಯ ಬೀಗ ನಮ್ಮ ಕಡೆಗಿರುವಂತೆ ನಿಂತರೆ ಬಲಗಡೆಯ ಖಾನೆ ಒಪ್ಪಿಗೆ, ಎಡಗಡೆಯದು ಬೇಡ. ಹಿರಿಯ ಮೆಂಬರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಒಂದೊಂದು ಮರದ ಗೋಲಿ ಹಾಕುತ್ತಾರೆ. ಎಡಗಡೆ ಒಂದೇ ಒಂದು ಗೋಲಿ ಬಿದ್ದರೂ ಆ ಮನುಷ್ಯ ಮೆಂಬರಾಗುವುದಿಲ್ಲ. ಮತ್ತೆ ಹೆಸರು ಕೊಡಬೇಕಾದರೆ ಮೂರು ವರ್ಷ ಕಾಯಬೇಕು. ಯಾರು ಹಾಕಿದ್ದು, ಯಾಕೆ ಹಾಕಿದ್ದು ಎಂದು ಕೇಳುವಂತಿಲ್ಲ.

ಈ ಪೆಟ್ಟಿಗೆ ಮೇಡಂ ವಶದಲ್ಲಿತ್ತು. ಒಮ್ಮೆ ಒಬ್ಬ ದೊಡ್ಡ ಕಂಟ್ರಾಕ್ಟರಿಗೆ ಎಡಗಡೆ ಒಂದು ಗೋಲಿ ಬಿತ್ತು. ಅವನಿಗೆ ಮೇಲಿನವರ ಬೆಂಬಲವಿತ್ತು. ಕಮಿಟಿಯವರು ಹೆದರಿ, ಯಾರದೋ ಕೈ ತಪ್ಪಿರಬೇಕು, ಇನ್ನೊಂದು ಸಲ ಹಾಕಿಸೋಣ ಅಂದರು. ಮೇಡಂ ಪೆಟ್ಟಿಗೆಯ ಬೀಗದ ಕೈ ಕೊಡಲಿಲ್ಲ. "ಎರಡನೇ ಸಲ ಇಟ್ರೆ, ಬೇಡ ಅಂದವರು ಹೆದರಿ ಬೇಕು ಅಂತಾರೆ ಸಾರ್. ಆಮೇಲೆ ಈ ಪೆಟ್ಟಿಗೆ ಯಾಕೆ ಬೇಕು, ಒಲೆಗೆ ಹಾಕೋಣ" ಅಂದರು. ಕೆಲಸ ಹೋಗುವ ಮಾತು ಬಂದರೂ ಜಗ್ಗಲಿಲ್ಲ. ಕಂಟ್ರಾಕ್ಟರು ಕೊನೆಗೂ ಮೆಂಬರ್ ಆಗಲಿಲ್ಲ.

ದೊಡ್ಡವರಿಗೆ ಪಾರ್ಶ್ವವಾಯು ಬಡಿದ ಮೇಲೆ ಅವರು ಗಾಲಿಕುರ್ಚಿಯಲ್ಲಿ ಬರತೊಡಗಿದರು. ಎಡಗೈ ಬಿದ್ದುಹೋಗಿತ್ತು. ಅವರು ಮೇಜಿನ ಹತ್ತಿರ ಎದ್ದು ಬರಲಾರರು ಎಂದು ಮೇಡಂ ಪೆಟ್ಟಿಗೆಯನ್ನೇ ಅವರ ಹತ್ತಿರ ಒಯ್ಯುತ್ತಿದ್ದರು. ಕುರ್ಚಿಯ ಪಕ್ಕದಲ್ಲಿ ನಿಂತು, ಬೀಗ ಅವರ ಕಡೆ ಬರುವಂತೆ ತೊಡೆಯ ಮೇಲೆ ಇಟ್ಟು, ತಾವು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಹೀಗೆ ಹಿಡಿಯಬೇಕು ಎಂದು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವಂಥ ವಿಷಯ ಅನ್ನಿಸಿರಲಿಕ್ಕಿಲ್ಲ.

ಮೇಡಂ ನಿವೃತ್ತಿಯ ಭಾನುವಾರ ಬಂತು. ದೊಡ್ಡವರು ಮಾತಿಗೆ ತಪ್ಪದೆ ಅವರ ಹೆಸರು ಸೂಚಿಸಿದ್ದರು. ತಮ್ಮದೇ ವಿಷಯವಾದ್ದರಿಂದ ಮೇಡಂ ಹಾಲಿನಲ್ಲಿ ಇರುವ ಹಾಗಿರಲಿಲ್ಲ. ಬೀಗದ ಕೈಯನ್ನು ಕ್ಲಬ್ಬಿನ ಸೆಕ್ರೆಟರಿಯವರ ಕೈಗೆ ಕೊಟ್ಟು ಅಡುಗೆಮನೆಗೆ ಬಂದರು. ಸೆಕ್ರೆಟರಿ ಅಂದರೆ ಮೆಂಬರುಗಳಲ್ಲೇ ಒಬ್ಬರು, ನಿವೃತ್ತ ಮೇಷ್ಟರು, ಸಾಧು ಮನುಷ್ಯ. ಅವರೆಕಾಯಿ ಕಾಲ. ರಾತ್ರಿಯ ಊಟಕ್ಕೆ ಹಿದುಕಿದ ಬೇಳೆ ಸಾರು ಅಂತ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿತ್ತು. ಇಬ್ಬರೂ ಹಿದುಕುತ್ತಾ ಕೂತೆವು. ಮೇಡಂ ಬೆರಳಿಂದ ಬೇಳೆ ಪುಳಕ್ಕನೆ ಹಾರಿ ಹಾರಿ ಪಾತ್ರೆಯ ಆಚೆ ಬೀಳುತ್ತಿತ್ತು. ಅಷ್ಟು ಅಚ್ಚುಕಟ್ಟಿನ ಹೆಂಗಸಿಗೆ ಅವತ್ತು ಕೈ ನಿಲ್ಲುತ್ತಿರಲಿಲ್ಲ. "ಟೀಗೆ ಉಪ್ಪು ರೆಡಿ ಮಾಡ್ಕೊಳ್ಳಲಾ?" ಅಂದೆ. "ಸುಮ್ನಿರೇ" ಅಂದರು, ಹೊಸ ಮದುವಣಗಿತ್ತಿಯ ಹಾಗೆ.

ಸೆಕ್ರೆಟರಿಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರ ಮುಖ ನೋಡಿ ಮೇಡಂ ಎದ್ದು ನಿಂತು, "ಎಡಗಡೆ ಎಷ್ಟು ಸಾರ್?" ಅಂದರು.

"ಒಂದು."

ಮೇಡಂ ಸೆರಗಿಗೆ ಕೈ ಒರೆಸಿಕೊಂಡರು. "ಸರಿ ಸಾರ್. ಊಟ ಎಂಟಕ್ಕೇ ಹಾಕಿಸ್ತೀನಿ" ಎಂದು ಒಲೆಯ ಕಡೆ ತಿರುಗಿದರು. ತಮ್ಮದೇ ಬೀಳ್ಕೊಡುಗೆಯ ಊಟವನ್ನು ಅವತ್ತು ತಾವೇ ನಿಂತು ಬಡಿಸಿದರು. ಶಾಲು, ಹಾರ, ಭಾಷಣ ಎಲ್ಲಾ ಆಯಿತು. ಯಾರು ಆ ಪಾಪಿ ಎಂದು ಒಬ್ಬೊಬ್ಬರ ಮುಖವನ್ನೂ ನಾನು ತಿನ್ನುವ ಹಾಗೆ ನೋಡಿದೆ. ಚಿಟಿಕೆ ಸಾಹುಕಾರರ ಮೇಲೆ ನನಗೆ ಪೂರಾ ಅನುಮಾನ. ಅವರ ತಟ್ಟೆಗೆ ಅನ್ನ ಬಡಿಸುವಾಗ ಸೌಟು ಕುಕ್ಕಿದೆ. ಪಾಪ, ಅವರು ಏನೂ ಮಾಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೇಡಂ, ಅಷ್ಟು ಹೊತ್ತಿಗೆ ಅವರ ಅಸಿಸ್ಟೆಂಟಾಗಿದ್ದ ನನಗೆ ಉಸ್ತುವಾರಿ ಒಪ್ಪಿಸಲು ಬಂದರು. ಸೆಕ್ರೆಟರಿಯವರೂ ಇದ್ದರು. ಪೆಟ್ಟಿಗೆಯನ್ನು ಬೀರುವಿಗೆ ಇಡುವಾಗ ಮೇಡಂ ಇದ್ದಕ್ಕಿದ್ದಂತೆ, "ನಿನ್ನೆ ಅಪ್ಪಾಜಿಗೆ ಇದನ್ನ ಹೆಂಗೆ ಹಿಡಿದ್ರಿ ಸಾರ್?" ಅಂದರು. ಸೆಕ್ರೆಟರಿಯವರು ಪೆಟ್ಟಿಗೆ ಎತ್ತಿಕೊಂಡು ತೋರಿಸಿದರು. ಬೀಗ ಅವರ ಹೊಟ್ಟೆಯ ಕಡೆಗಿತ್ತು. ದೊಡ್ಡವರ ಎದುರಿಗೆ ನಿಂತು ಹಾಗೇ ಮುಂದೆ ಚಾಚಿದ್ದರಂತೆ. ಅಂದರೆ ದೊಡ್ಡವರ ಪಾಲಿಗೆ ಪೆಟ್ಟಿಗೆ ತಿರುಗುಮುರುಗು. ಅವರು ಎಂದಿನಂತೆ ತಮ್ಮ ಬಲಕ್ಕೇ ಗೋಲಿ ಹಾಕಿದ್ದಾರೆ. ಅದು ಹೋಗಿ ಬೇಡ ಎನ್ನುವ ಖಾನೆಗೆ ಬಿದ್ದಿದೆ.

ಸೆಕ್ರೆಟರಿಯವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. "ಅಯ್ಯೋ ದೇವರೇ, ನನ್ನಿಂದ ಆಯ್ತಲ್ಲಮ್ಮ! ಇವತ್ತೇ ಕಮಿಟಿ ಕರೀತೀನಿ. ಹೆಸರು ಕೊಟ್ಟವರೇ ಬೇಡ ಅಂದಿರ್ತಾರಾ? ಕೇಳಿದ್ರೆ ಯಾರಾದ್ರೂ ಒಪ್ತಾರೆ" ಅಂದರು. ನಾನಂತೂ ಕುಣಿಯುವುದೊಂದು ಬಾಕಿ.

ಮೇಡಂ ಪೆಟ್ಟಿಗೆಯನ್ನು ಎತ್ತಿ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಆಮೇಲೆ, "ಬೇಡ ಸಾರ್" ಅಂದರು. "ಆ ಕಂಟ್ರಾಕ್ಟರಿಗೆ ಎರಡನೇ ಸಲ ಇಲ್ಲ ಅಂದೋಳು ನಾನು. ನನಗಾದ್ರೆ ಉಂಟಾ? ಅದಿರಲಿ. ಅಪ್ಪಾಜಿಗೆ ಗೊತ್ತಾದ್ರೆ ಏನಾಗ್ತಾರೆ ಯೋಚನೆ ಮಾಡಿ. ನನ್ನ ಕೈಯಾರೆ ನನ್ನ ಮಗಳಿಗೆ ಹಿಂಗೆ ಮಾಡಿದ್ನಲ್ಲಾ ಅಂತ ಕೊರಗಿ ಕೊರಗಿ ಜೀವ ಬಿಡ್ತಾರೆ. ಮೂರು ವರ್ಷ ತಾನೇ? ಕಾಯ್ತೀನಿ. ನನಗೆ ನಿಂತು ಅಭ್ಯಾಸ ಇದೆ."

ಅಪ್ಪಾಜಿ ಇರುವವರೆಗೆ ಬಾಯಿ ಬಿಡಕೂಡದೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ಸೆಕ್ರೆಟರಿಯವರು ಹೋದ ಮೇಲೆ ನಾನು ಮೇಡಂಗೆ ಬಾಯಿಗೆ ಬಂದಂತೆ ಬಯ್ದೆ. ನೀವೇನು ದೇವತೆಯಾ, ನಿಮ್ಮ ಪಾಲಿನದನ್ನು ಕೇಳಿ ತೆಗೆದುಕೊಳ್ಳುವುದಕ್ಕೂ ನಿಮಗೆ ಬಾಯಿಲ್ಲವಾ ಎಂದು ಅತ್ತೆ. ಅವರೂ ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೇಡಂ ಕೆ.ಆರ್. ನಗರದ ಹತ್ತಿರದ ತಮ್ಮ ಊರಿಗೆ, ಅಕ್ಕನ ಮನೆಗೆ ಹೋಗಿಬಿಟ್ಟರು. ಮೆಂಬರೊಬ್ಬರ ಅತಿಥಿಯಾಗಿ ಬನ್ನಿ ಎಂದು ಎಷ್ಟೋ ಜನ ಕರೆದರು. ಬರಲಿಲ್ಲ. ದೊಡ್ಡವರು ಮಾತ್ರ ಕಾರು ಮಾಡಿಸಿಕೊಂಡು ಅವರ ಮನೆಗೇ ಹೋಗುತ್ತಿದ್ದರು, ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋದರು. ಹೋದಾಗಲೆಲ್ಲ ಅದೇ ಪುರಾಣ. "ಯಾವನವ್ವ ಆ ಮನೆಹಾಳ? ಅವ್ನ ವಂಶ ನಿರ್ವಂಶ ಆಗ!" ಮೇಡಂ ತಕ್ಷಣ ಅವರ ಬಾಯಿಗೆ ಕೈ ಅಡ್ಡ ಹಿಡಿದು, "ಅಂಗನ್ನಬೇಡಿ ಅಪ್ಪಾಜಿ, ಬುಡ್ತು ಅನ್ನಿ" ಎನ್ನುತ್ತಿದ್ದರು. ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಮೂರನೆಯ ವರ್ಷ ಮುಗಿಯುವ ಮೊದಲೇ ಹೊಟ್ಟೆಯಲ್ಲಿ ಗಡ್ಡೆ ಎಂದು ಮೇಡಂ ಅವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಗುರುತೇ ಸಿಗದ ಹಾಗೆ ಇಳಿದುಹೋಗಿದ್ದರು. ಮೇಜಿನ ಬಟ್ಟೆಗೆ ಗಂಜಿ ಹಾಕಿಸುತ್ತೀಯಾ ಇಲ್ಲವಾ ಎಂದು ಕೇಳಿದರು. ಆಮೇಲೆ, "ಅದ್ಕೆ ಇನ್ನೆಷ್ಟು ದಿನ ಐತಮ್ಮಿ?" ಅಂದರು. ಯಾವುದಕ್ಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಇನ್ನೂ ಸುಮಾರು ತಿಂಗಳುಗಳಿದ್ದವು. "ಬಂದೇಬುಡ್ತು, ಬೇಗ ಎದ್ದೇಳಿ" ಅಂದೆ. ಅವರು ತಲೆಯಾಡಿಸಿದರು. ಆ ವಾರವೇ ಹೋದರು.

ಹನ್ನೊಂದನೆಯ ದಿನದ ತಿಥಿಗೆ ಕ್ಲಬ್ಬಿನ ಅಧ್ಯಕ್ಷರು, ಸೆಕ್ರೆಟರಿ, ದೊಡ್ಡವರು, ನಾನು ಎಲ್ಲ ಹೋದೆವು. ಊಟವಾದ ಮೇಲೆ ಅಧ್ಯಕ್ಷರು ಮೇಡಂ ಅಕ್ಕನ ಮುಂದೆ ಕೈಮುಗಿದು, ಮೇಡಂ ಫೋಟೋವನ್ನು ದೊಡ್ಡದು ಮಾಡಿಸಿ ಕ್ಲಬ್ಬಿನ ಹಾಲಿನಲ್ಲಿ ಹಾಕುತ್ತೇವೆ, ನೀವು ಒಂದು ಫೋಟೋ ಕೊಡಬೇಕು ಅಂದರು. ಅಕ್ಕ ಓದು ಬರಹ ಕಂಡವರಲ್ಲ, ಮಾತು ಕಮ್ಮಿ. ಅಧ್ಯಕ್ಷರನ್ನು ನೆಟ್ಟಗೆ ನೋಡಿ ಹೇಳಿದರು:

"ಅವ್ಳು ಕೇಳಿದ್ದು ಒಂದು ಕುರ್ಚಿ ಸ್ವಾಮಿ. ಜೀವ್ಮಾನೆಲ್ಲಾ ನಿಲ್ಲುಸ್ಕೊಂಡ್ರಿ, ಈಗ ಗ್ವಾಡೆಗೆ ನೇತಾಕ್ತೀವಿ ಅಂತೀರಲ್ಲ. ಕೊಡಾಕಿಲ್ಲ, ಹೋಗಿ."

ಗಾಲಿಕುರ್ಚಿಯಲ್ಲಿದ್ದ ದೊಡ್ಡವರು ಬಿಕ್ಕಿ ಬಿಕ್ಕಿ ಅಳತೊಡಗಿದರು. "ಆ ಗೋಲಿ ಹಾಕ್ದೋನ ಕೈ ಸೇದೋಗ್ಲಿ! ನನ್ ಮಗಳ ಆಸೆ ಕಿತ್ಕಂಡ್ನಲ್ಲಾ, ಅವ್ನ್ಗೆ ಒಳ್ಳೇದಾಗ್ತದಾ?" ಎಂದು ಬಲಗೈಯಿಂದ ತೊಡೆ ಬಡಿದುಕೊಂಡರು. ಸೆಕ್ರೆಟರಿಯವರು ಎದ್ದು ಬೀದಿಗೆ ಹೋಗಿಬಿಟ್ಟರು. ನನಗೆ ಹೇಳಿಬಿಡಲಾ ಅನ್ನಿಸಿತು. ಮೇಡಂ ಹೆಸರಿಗೆ ಅಂಟಿದ ಕಲೆಯನ್ನು, ಯಾರಿಗೋ ಅವರು ಬೇಡವಾಗಿದ್ದರು ಎಂಬ ಮಾತನ್ನು, ಅಲ್ಲೇ ಎಲ್ಲರ ಮುಂದೆ ಅಳಿಸಿಬಿಡಬಹುದಿತ್ತು. ದೊಡ್ಡವರು ನನ್ನ ಕೈ ಹಿಡಿದುಕೊಂಡರು.

"ನೀನು ಒಳ್ಗೇ ಇದ್ದೋಳು. ನಿಂಗೊತ್ತಿರ್ತದೆ. ಯಾರವ್ವ ಅವ್ನು? ಹೇಳು, ನಾನು ಯಾರ್ಗೂ ಅನ್ನಾಕಿಲ್ಲ."

"ಗೊತ್ತಿಲ್ಲ ಅಪ್ಪಾಜಿ" ಅಂದೆ. ನನ್ನ ಬಾಯಲ್ಲಿ ಅಪ್ಪಾಜಿ ಎಂದು ಬಂದದ್ದು ಅದೇ ಮೊದಲು.

"ಅವ್ಳಿಗಾದ್ರೂ ಗೊತ್ತಿತ್ತಾ?"

"ಗೊತ್ತಿದ್ರೆ ನಿಮ್ಗೆ ಹೇಳ್ದೆ ಇರ್ತಿದ್ರಾ?"

ದೊಡ್ಡವರು ಕಣ್ಣೊರೆಸಿಕೊಂಡರು. "ಅದೂ ನಿಜ ಬುಡು" ಅಂದರು. "ನನ್ಹತ್ರ ಅವ್ಳು ಏನ್ನೂ ಮುಚ್ಚಿಟ್ಟೋಳಲ್ಲ."